ಕ್ಷಯದಂತೆ ತೋರುವ ಕ್ಷಯವಲ್ಲದ ಸೋಂಕು

ತಿಂಗಳುಗಟ್ಟಲೆ ನಿಲ್ಲದ ಕೆಮ್ಮು, ಕಫದಲ್ಲಿ ರಕ್ತ, ಸಣ್ಣ ಜ್ವರ, ಇಳಿಯುತ್ತಿರುವ ತೂಕ ಇವು ಕಂಡಾಗ ನಮ್ಮ ದೇಶದಲ್ಲಿ ಕ್ಷಯವನ್ನು ಶಂಕಿಸುವುದು ಸಹಜ, ಯುಕ್ತವೂ ಹೌದು. ಆದರೆ ಇವೇ ಲಕ್ಷಣಗಳನ್ನು ತೋರುವ ಬೇರೊಂದು ದೀರ್ಘಕಾಲೀನ ಸೋಂಕು ಉಂಟು. ವೈದ್ಯರು ಅದನ್ನು ‘ಎನ್.ಟಿ.ಎಂ.’, ಅಂದರೆ ಕ್ಷಯೇತರ ಮೈಕೋಬ್ಯಾಕ್ಟೀರಿಯಗಳ ಸೋಂಕು, ಎನ್ನುತ್ತಾರೆ. ನಾನು ವೈದ್ಯನಲ್ಲ, ಬ್ಯಾಂಕಿನ ಲೆಕ್ಕಪತ್ರಗಳೊಡನೆ ಬಾಳುವವನು. ಮುಂಬಯಿಯಲ್ಲಿ ನಮ್ಮೊಡನಿರುವ ನನ್ನ ಅಕ್ಕನ ಶುಶ್ರೂಷೆಯಲ್ಲಿ ಕಲಿತುದನ್ನು ಕನ್ನಡ ಬಂಧುಗಳ ಮುಂದಿಡುವುದಷ್ಟೇ ನನ್ನ ಉದ್ದೇಶ.

1882ರಲ್ಲಿ ರಾಬರ್ಟ್ ಕಾಖ್ ಎಂಬ ವಿಜ್ಞಾನಿಯು ಕ್ಷಯಾಣುವನ್ನು ಲೋಕಕ್ಕೆ ತೋರಿಸಿದನು. ಆ ಅಣುವಿನ ಕುಲದಲ್ಲಿ ಇಂದು ಸುಮಾರು 200 ಪ್ರಭೇದಗಳನ್ನು ಗುರುತಿಸಲಾಗಿದೆ. ಕ್ಷಯಾಣು ರೋಗಿಯ ಕೆಮ್ಮಿನಿಂದ ಹರಡುತ್ತದೆ. ಅದರ ದಾಯಾದಿಗಳಲ್ಲಿ ಬಹುಪಾಲು ಮಣ್ಣಿನಲ್ಲಿ, ನೀರಿನಲ್ಲಿ, ನಲ್ಲಿಯ ಕೊಳವೆಗಳಲ್ಲಿ, ಷವರುಗಳಲ್ಲಿ ಬದುಕುತ್ತವೆ. ಆರೋಗ್ಯವಂತರಿಗೆ ಅವುಗಳಿಂದ ಸಾಮಾನ್ಯವಾಗಿ ಬಾಧೆಯಿಲ್ಲ. ಹಿಂದೆ ಕ್ಷಯದಿಂದ ಜರ್ಜರಿತವಾದ ಅಥವಾ ಶ್ವಾಸನಾಳಗಳು ಹಿಗ್ಗಿಹೋದ ಶ್ವಾಸಕೋಶದಲ್ಲಿ ಅವು ನೆಲೆಯೂರುತ್ತವೆ.

ತೊಡಕು ಇರುವುದು ಗುರುತಿಸುವುದರಲ್ಲಿ. ಕಫವನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಷಯಾಣುವೂ ದಾಯಾದಿಗಳೂ ಒಂದೇ ತೆರನಾದ ಕೆಂಪು ಕಡ್ಡಿಗಳಂತೆ ಕಾಣುತ್ತವೆ. ಒಂದೇ ಹೆಸರಿನ ಇಬ್ಬರು ಖಾತೆದಾರರಿದ್ದಾಗ ಹೆಸರನ್ನಷ್ಟೇ ನೋಡಿ ಹಣ ಕೊಡಲಾಗದು, ಖಾತೆಯ ಸಂಖ್ಯೆಯನ್ನೂ ರುಜುವನ್ನೂ ತಾಳೆ ನೋಡಬೇಕು. ಇಲ್ಲಿ ಆ ತಾಳೆಯ ಕೆಲಸವನ್ನು ಕಲ್ಚರ್ ಪರೀಕ್ಷೆಯೂ ಅಣುವಿನ ಪ್ರಭೇದ ನಿರ್ಣಯವೂ ಮಾಡುತ್ತವೆ. ಸೂಕ್ಷ್ಮದರ್ಶಕದಲ್ಲಿ ಅಣು ಕಂಡು, ‘ಸಿ.ಬಿ. ನ್ಯಾಟ್’ ಪರೀಕ್ಷೆಯಲ್ಲಿ ಕ್ಷಯಾಣು ಕಾಣದಿದ್ದರೆ ದಾಯಾದಿಯ ಶಂಕೆಗೆ ಆಸ್ಪದವುಂಟು.

ಅಕ್ಕನಿಗೆ ಕ್ಷಯದ ಗುಳಿಗೆಗಳು ಎರಡು ಸುತ್ತು ಮುಗಿದರೂ ಕೆಮ್ಮು ನಿಲ್ಲಲಿಲ್ಲ. ಮನೆಯಲ್ಲಿ ಅವಳ ತಟ್ಟೆ ಲೋಟಗಳು ಬೇರೆಯಾದವು. ಮೊಮ್ಮಗುವನ್ನು ಎತ್ತಿಕೊಳ್ಳಲು ಅವಳೇ ಹೆದರಿದಳು. ಕೊನೆಗೆ ಶ್ವಾಸಕೋಶ ತಜ್ಞರೊಬ್ಬರು ಕಲ್ಚರ್ ಮಾಡಿಸಿದಾಗ ‘ಏವಿಯಂ ಕಾಂಪ್ಲೆಕ್ಸ್’ ಎಂಬ ಗುಂಪಿನ ಅಣು ಪತ್ತೆಯಾಯಿತು. ಇದು ಮನುಷ್ಯನಿಂದ ಮನುಷ್ಯನಿಗೆ ಸಾಮಾನ್ಯವಾಗಿ ಹರಡದು ಎಂದು ಅವರು ತಿಳಿಸಿದ ದಿನವೇ ಅವಳ ಅರ್ಧ ಕಾಯಿಲೆ ವಾಸಿಯಾದಂತಾಯಿತು.

ತಜ್ಞರಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಮೊದಲನೆಯದು, ಅಣುವಿನ ಪ್ರಭೇದ ಯಾವುದು? ‘ಅಬ್ಸೆಸಸ್’ ಎಂಬ ಪ್ರಭೇದಕ್ಕೆ ಕ್ಷಯದ ಸಾಮಾನ್ಯ ಔಷಧಿಗಳು ನಾಟುವುದೇ ಇಲ್ಲ. ಎರಡನೆಯದು, ಬೇರೆಬೇರೆ ದಿನ ಕೊಟ್ಟ ಕನಿಷ್ಠ ಎರಡು ಕಫಗಳಲ್ಲಿ ಅದೇ ಅಣು ಬೆಳೆದಿದೆಯೇ? ಒಮ್ಮೆ ಮಾತ್ರ ಕಂಡದ್ದು ನೀರಿನಿಂದ ಬೆರೆತದ್ದೂ ಆಗಿರಬಹುದು. ಮೂರನೆಯದು, ಚಿಕಿತ್ಸೆಯನ್ನು ಈಗಲೇ ಆರಂಭಿಸಬೇಕೇ, ಅಥವಾ ಸಿ.ಟಿ. ಸ್ಕ್ಯಾನ್ ನೋಡುತ್ತ ಕಾಯಬಹುದೇ? ಮಾದರಿಯನ್ನು ಮೇಲಿನ ಪ್ರಯೋಗಾಲಯಕ್ಕೆ ಕಳುಹಿಸಬೇಕಾದರೆ ಚೆನ್ನೈ, ಬೆಂಗಳೂರು, ದೆಹಲಿಗಳಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆಗಳುಂಟು. ಬೆಂಗಳೂರಿನದು 1959ರಲ್ಲಿ ಆರಂಭವಾದುದು.

ಏವಿಯಂ ಗುಂಪಿಗೆ ಸಾಮಾನ್ಯವಾಗಿ ಅಜಿತ್ರೊಮೈಸಿನ್, ರಿಫಾಂಪಿಸಿನ್, ಇಥಾಂಬ್ಯುಟಾಲ್ ಮೂರನ್ನೂ ಕೂಡಿಸಿ ಕೊಡುತ್ತಾರೆ. ಕಲ್ಚರಿನಲ್ಲಿ ಅಣು ಕಾಣೆಯಾದ ಮೇಲೂ ಹನ್ನೆರಡು ತಿಂಗಳು ಮುಂದುವರಿಸಬೇಕು. ಕೆಮ್ಮಿಗೆಂದು ಅಂಗಡಿಯಿಂದ ಅಜಿತ್ರೊಮೈಸಿನ್ ಒಂದನ್ನೇ ತಂದು ನುಂಗುತ್ತಿದ್ದರೆ ಅಣು ಆ ಮದ್ದಿಗೆ ಮಣಿಯದಂತಾಗುವ ಅಪಾಯವಿದೆ. ಇಥಾಂಬ್ಯುಟಾಲ್ ಸೇವಿಸುವವರು ದೃಷ್ಟಿಯನ್ನೂ ಬಣ್ಣ ಗುರುತಿಸುವ ಶಕ್ತಿಯನ್ನೂ ಆಗಾಗ ಪರೀಕ್ಷಿಸಿಕೊಳ್ಳತಕ್ಕದ್ದು. ಹಾಗೆಂದು ಈ ಲೇಖನವನ್ನೋದಿ ಯಾರೂ ಕ್ಷಯದ ಔಷಧಿಯನ್ನು ತಾವಾಗಿ ನಿಲ್ಲಿಸಕೂಡದು. ಆ ನಿರ್ಧಾರ ವೈದ್ಯರದು.

ನಿತ್ಯಜೀವನದಲ್ಲಿ ಕಫವನ್ನು ಹೊರಹಾಕುವ ಉಸಿರಾಟದ ವ್ಯಾಯಾಮ, ತೂಕ ಇಳಿಯದಂತೆ ಬೇಳೆ, ಹಾಲು, ಮೊಟ್ಟೆಗಳ ಆಹಾರ, ಷವರಿನ ಬದಲು ಬಕೆಟ್ಟಿನ ಸ್ನಾನ ಇವು ಉಪಯುಕ್ತ. ಪ್ರತಿಯೊಂದು ವರದಿಯನ್ನೂ ತಾರೀಖಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ಹೊಸ ವೈದ್ಯರಿಗೆ ಅದೇ ರೋಗದ ಪಾಸ್‌ಬುಕ್ಕು. ಪರಭಾಷೆಯ ಆಸ್ಪತ್ರೆಯಲ್ಲಿ ತಮ್ಮ ನೋವನ್ನು ಹೇಳಿಕೊಳ್ಳಲಾಗದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅಂಥವರ ಜೊತೆ ಸಂಘದ ತರುಣರೊಬ್ಬರು ಆ ಫೈಲನ್ನು ಹಿಡಿದು ಹೋಗುವಂತಾದರೆ ಅದೊಂದು ದೊಡ್ಡ ಸೇವೆಯಾದೀತು.