ಸಂಕೋಚದ ಕಲಾವಿದರು ಸಂತೆಯಲ್ಲಿ ಕೂತಾಗ

ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತದೆ. ಅಲ್ಲಿ ನಡುವೆ ಗ್ಯಾಲರಿಯವರಿರುವುದಿಲ್ಲ, ಬಿಡಿಸಿದವರೇ ಮಾರಬೇಕು. ಜಲವರ್ಣದಲ್ಲಿ ಹಳೇ ಮನೆ, ಬೀದಿ, ಮಾರುಕಟ್ಟೆ ಬಿಡಿಸುವ ನಾನು ಮೊದಲಿಂದಲೂ ಮಾತು ಕಡಿಮೆಯವಳು. ಇಂಥ ಸಂತೆಗಳಲ್ಲಿ ಕೂತು ತಿಳಿದುಕೊಂಡದ್ದನ್ನು ನನ್ನಂಥವರಿಗಾಗಿ ಬರೆದಿದ್ದೇನೆ.

1. ಬೆಲೆ ಬರೆದಿಡಿ. ನಮಗೆ ಬೆಲೆ ಹೇಳಲು ನಾಚಿಕೆ, ಗಿರಾಕಿಗೆ ಕೇಳಲು ನಾಚಿಕೆ. ಕೇಳಿದ ಮೇಲೆ ಕೊಳ್ಳದೆ ಹೋದರೆ ಮರ್ಯಾದೆ ಪ್ರಶ್ನೆ ಅಂದುಕೊಂಡು ಎಷ್ಟೋ ಜನ ಕೇಳದೆಯೇ ಮುಂದೆ ಹೋಗಿಬಿಡುತ್ತಾರೆ. ಚಿತ್ರದ ಹೆಸರು, ಮಾಧ್ಯಮ, ಅಳತೆ, ಬೆಲೆ ಇಷ್ಟನ್ನೂ ಒಂದು ಚೀಟಿಯಲ್ಲಿ ದಪ್ಪಗೆ ಬರೆದು ಕೆಳಗೆ ಅಂಟಿಸಿ. ಕ್ಯೂಆರ್ ಕೋಡ್ ಕಣ್ಣಿಗೆ ಬೀಳುವಂತಿರಲಿ. ದುಡ್ಡಿನ ಮಾತು ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ.

2. ಕೈಗೆ ಕೆಲಸ ಕೊಡಿ. ಮೊಬೈಲ್ ನೋಡುತ್ತಾ ಕೂತರೆ ಜನ ಹತ್ತಿರ ಬರುವುದಿಲ್ಲ. ಕೈಕಟ್ಟಿ ಎದುರಿಗೆ ನಿಂತರೆ ಹೆದರುತ್ತಾರೆ. ನಾನು ತೊಡೆಯ ಮೇಲೆ ಸಣ್ಣ ಪ್ಯಾಡ್ ಇಟ್ಟುಕೊಂಡು ಬಿಡಿಸುತ್ತಿರುತ್ತೇನೆ. ಒದ್ದೆ ಕಾಗದಕ್ಕೆ ಕುಂಚದ ತುದಿ ಮುಟ್ಟಿಸಿದಾಗ ನೀಲಿ ತಾನಾಗಿ ಹರಡಿಕೊಂಡು ಆಕಾಶವಾಗುತ್ತದಲ್ಲ, ಅದನ್ನು ನೋಡಲು ಮೊದಲು ಒಂದು ಮಗು ನಿಲ್ಲುತ್ತದೆ. ಮಗುವಿನ ಕೈ ಹಿಡಿದ ಅಮ್ಮನೂ ನಿಲ್ಲಬೇಕಾಗುತ್ತದೆ. ಅಮ್ಮ ಸುಮ್ಮನೆ ನಿಂತಿರಲಾರದೆ ತೂಗುಹಾಕಿದ ಚಿತ್ರಗಳ ಕಡೆ ತಿರುಗುತ್ತಾರೆ. ನಾನು ತಲೆ ಎತ್ತದೆಯೇ ಮಾತಾಡಬಹುದು, ಅವರಿಗೂ ಅದೇ ಸಲೀಸು. ಕೆಟ್ಟರೂ ಪರವಾಗಿಲ್ಲ ಅನ್ನುವಂಥ ಚಿತ್ರವನ್ನೇ ಇದಕ್ಕೆ ಇಟ್ಟುಕೊಳ್ಳಿ. ಗದ್ದಲದಲ್ಲಿ ಒಳ್ಳೆಯ ಚಿತ್ರ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

3. ಮೊದಲ ಮಾತು ಚಿಕ್ಕದಿರಲಿ. ‘ಕೈಯಲ್ಲಿ ತಗೊಂಡು ನೋಡಿ ಮೇಡಂ’ ಅಂದರೆ ಸಾಕು, ಆಮೇಲೆ ಸುಮ್ಮನಿರಿ. ಯಾವುದಾದರೂ ಚಿತ್ರದ ಮುಂದೆ ಅವರ ಕಾಲು ನಿಂತಾಗ ಅದರ ಬಗ್ಗೆ ಒಂದೇ ಸಂಗತಿ ಹೇಳಿ: ‘ಇದು ಗಾಂಧಿಬಜಾರು, ಬೆಳಗಿನ ಹೊತ್ತು.’ ‘ಅಯ್ಯೋ, ನಮ್ಮಜ್ಜಿ ಮನೆ ಅಲ್ಲೇ ಹಿಂದಿನ ರಸ್ತೇಲಿತ್ತು ಕಣ್ರೀ’ ಅಂತ ಅವರು ಶುರುಮಾಡಿದರೆ ಉಳಿದ ಮಾತೆಲ್ಲ ಅವರದೇ. ಚಿತ್ರದ ಭಾವಾರ್ಥ ವಿವರಿಸಲು ಹೋಗಬೇಡಿ. ಅದನ್ನು ಕೇಳಿ ಕೊಂಡವರನ್ನು ನಾನು ಕಂಡಿಲ್ಲ.

4. ಪದೇಪದೇ ಬರುವ ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ತಯಾರಿಸಿಕೊಳ್ಳಿ. ಇದು ಪ್ರಿಂಟಾ, ಕೈಯಲ್ಲಿ ಬಿಡಿಸಿದ್ದಾ? ಎಷ್ಟು ದಿನ ಹಿಡೀತು? ಬಣ್ಣ ಮಾಸುತ್ತಾ? ತನ್ನ ಬಗ್ಗೆ ಹೇಳಿಕೊಳ್ಳಲು ನಾಲಿಗೆ ಏಳದವರೂ ಬಣ್ಣದ ಬಗ್ಗೆ ಧಾರಾಳವಾಗಿ ಮಾತಾಡುತ್ತಾರೆ. ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪು ಬೆಳಕಿಗೆ ಮಾಸುವ ಬಣ್ಣ, ಅದಕ್ಕೇ ನಾನು ಬೇರೆ ಕೆಂಪು ಬಳಸಿದ್ದೇನೆ; ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ; ಫ್ರೇಮ್ ಹಾಕಿಸುವಾಗ ಕಾಗದ ಗಾಜಿಗೆ ತಾಗದಂತೆ ಮೌಂಟ್ ಕೊಡಿಸಿ. ಇಷ್ಟು ಹೇಳುವಷ್ಟರಲ್ಲಿ ಕೊಳ್ಳುವವರು ಮನೆಯ ಯಾವ ಗೋಡೆ ಅಂತ ಯೋಚಿಸತೊಡಗಿರುತ್ತಾರೆ.

5. ಚೌಕಾಸಿ. ‘ಕೊನೇ ರೇಟು ಹೇಳಿ’ ಅಂದಕೂಡಲೇ ನಮ್ಮಂಥವರು ಎದುರಿನವರ ಮುಖ ನೋಡಲಾಗದೆ ಇಳಿಸಿಬಿಡುತ್ತೇವೆ. ‘ಇದೇ ಬೆಲೆ ಸಾರ್’ ಅಂದು ಬಾಯಿ ಮುಚ್ಚಿಕೊಳ್ಳಿ. ಸುಮ್ಮನಿರುವುದು ವಾಚಾಳಿಗಳಿಗೆ ಕಷ್ಟ, ನಮಗದು ಹುಟ್ಟಿನಿಂದ ಬಂದ ವಿದ್ಯೆ. ಎರಡು ಕೊಂಡರೆ ಎಷ್ಟು ಬಿಡಬೇಕು ಅನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿ. ಕೈಯಲ್ಲಿ ಕಡಿಮೆ ದುಡ್ಡಿದ್ದು ಆಸೆಪಡುವವರಿಗಾಗಿ ಪೋಸ್ಟ್‌ಕಾರ್ಡ್ ಅಳತೆಯ ಚಿತ್ರಗಳಿರಲಿ. ಬೆಳಿಗ್ಗೆ ಬೋಣಿ ಮಾಡಿದವರಿಗೆ ಮಾತ್ರ ನಾನು ತುಸು ಬಿಡುತ್ತೇನೆ. ಅದಕ್ಕೆ ತರ್ಕವಿಲ್ಲ, ನಮ್ಮಮ್ಮನ ಕಟ್ಟಪ್ಪಣೆ.

6. ಜೊತೆಗೊಬ್ಬರಿರಲಿ. ತಂಗಿಯೋ ಗೆಳತಿಯೋ, ಯಾರಾದರೂ ಸರಿ. ನಮ್ಮ ಚಿತ್ರವನ್ನು ಅವರು ಹೊಗಳಬಹುದು, ನಾವು ಹೊಗಳಿಕೊಳ್ಳಲಾಗದು.

7. ‘ನಮ್ಮೂರ ಮನೆ ಬಿಡಿಸಿಕೊಡ್ತೀರಾ?’ ಅಂತ ಕೇಳಿದರೆ ದಾಕ್ಷಿಣ್ಯಕ್ಕೆ ಅಲ್ಲೇ ಹೂಂ ಅನ್ನಬೇಡಿ. ನಂಬರ್ ಬರೆದುಕೊಂಡು, ಮನೆಗೆ ಹೋಗಿ, ಅಳತೆ, ಬೆಲೆ, ಕೊಡುವ ದಿನ, ಅರ್ಧ ಮುಂಗಡ ಎಲ್ಲವನ್ನೂ ವಾಟ್ಸಾಪಿನಲ್ಲಿ ಕಳಿಸಿ. ಬರೆದು ಹೇಳುವುದು ನಮಗೆ ಸುಲಭವೂ ಹೌದು. ಇದರಲ್ಲಿ ಕಾನೂನಿನ ವಿಷಯವೂ ಇದೆ. ಬಿಡಿಸಿಟ್ಟ ಚಿತ್ರವನ್ನು ಮಾರಿದರೆ ಕೃತಿಸ್ವಾಮ್ಯ ನಮ್ಮಲ್ಲೇ ಉಳಿಯುತ್ತದೆ. ಒಬ್ಬರು ಹೇಳಿ ದುಡ್ಡು ಕೊಟ್ಟು ಬರೆಸಿಕೊಂಡ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆಸಿದವರೇ ಮೊದಲ ಹಕ್ಕುದಾರರು. ಅದೇ ಚಿತ್ರವನ್ನು ಮುಂದೆ ಗ್ರೀಟಿಂಗ್ ಕಾರ್ಡ್ ಮಾಡಿಸುವ ಆಲೋಚನೆ ಇದ್ದರೆ, ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ ಅಂತ ಆ ಸಂದೇಶದಲ್ಲೇ ಒಂದು ಸಾಲು ಸೇರಿಸಿ, ಅವರಿಂದ ‘ಒಪ್ಪಿಗೆ’ ಅಂತ ಉತ್ತರ ಬಂದ ಮೇಲೆಯೇ ಮುಂಗಡ ತೆಗೆದುಕೊಳ್ಳಿ.