‘ಡಾ.’ ಹಾಕಿಸೋದೋ ಬೇಡವೋ?

ಪ್ರಶ್ನೆ: ಮೇಡಂ, ನಮ್ಮದು ಹಾಸನ. ಮಗಳು ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗನನ್ನು ಮೆಚ್ಚಿಕೊಂಡಿದ್ದಾಳೆ. ಹುಡುಗ ಡಾಕ್ಟರ್ ಅಂದಾಗ ಹಿಗ್ಗಿ ನೆಂಟರಿಗೆಲ್ಲ ಹೇಳಿಬಿಟ್ಟೆ. ಆಮೇಲೆ ನೋಡಿದರೆ ಕೈರೋಪ್ರಾಕ್ಟರ್ ಅಂತೆ. ನನ್ನ ತಮ್ಮ ಮೂಳೆ ಡಾಕ್ಟರು. ‘ಅಕ್ಕಾ, ಅವರು ಡಾಕ್ಟರೇ ಅಲ್ಲ, ಕತ್ತು ತಿರುಚೋರು. ಅವರ ಕೈಗೆ ಸಿಕ್ಕಿ ಲಕ್ವ ಹೊಡೆಸಿಕೊಂಡವರಿದ್ದಾರೆ’ ಅಂದ. ಮಗಳು ‘ಮಾವನಿಗೆ ಹೊಟ್ಟೆಕಿಚ್ಚು’ ಅಂತಾಳೆ. ಲಗ್ನಪತ್ರಿಕೆಯಲ್ಲಿ ‘ಡಾ.’ ಹಾಕಿಸೋದೋ ಬೇಡವೋ? ಜನಕ್ಕೆ ಏನಂತ ಹೇಳಲಿ?

ಉತ್ತರ: ಅಮ್ಮಾ, ನಿಮ್ಮ ನಿದ್ದೆ ಕೆಡಿಸುತ್ತಿರುವುದು ಹುಡುಗನ ಕೆಲಸವಲ್ಲ, ನೆಂಟರಿಗೆ ಹೇಳಿಬಿಟ್ಟ ಮಾತು ಎಂದು ನನ್ನ ಅನುಮಾನ. ಇರಲಿ, ಮೊದಲು ಕೆಲಸದ ಮಾತನ್ನೇ ಆಡೋಣ.

ನಿಮ್ಮ ತಮ್ಮನ ಸಿಟ್ಟು ಅವರೊಬ್ಬರದೇ ಅಲ್ಲ, ನೂರು ವರ್ಷ ದಾಟಿದ ಜಗಳ ಅದು. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬಾತ ಬೆನ್ನೆಲುಬಿನ ಈ ಕೈಚಿಕಿತ್ಸೆಯನ್ನು ಶುರುಮಾಡಿದ. (ಹೆಸರು ಕೇಳಿಯೇ ನಿಮ್ಮ ತಮ್ಮ ನಕ್ಕಾರು!) ಹಿಂದೆ ದಿನಸಿ ವ್ಯಾಪಾರ ಮಾಡುತ್ತಿದ್ದವನು, ಆಮೇಲೆ ಕೈ ಸವರಿ ಕಾಯಿಲೆ ವಾಸಿಮಾಡುತ್ತೇನೆ ಎನ್ನುತ್ತಿದ್ದವನು. ತನ್ನ ಕಟ್ಟಡದ ಜವಾನ ಹಾರ್ವೆ ಲಿಲಾರ್ಡ್‌ನ ಬೆನ್ನೆಲುಬನ್ನು ಒತ್ತಿ ಕೂರಿಸಿದೆ, ಕೇಳಿಸದಿದ್ದ ಕಿವಿ ಕೇಳಿಸಿತು ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತೋ ಏನೋ. ಬೆನ್ನೆಲುಬು ಜರುಗುವುದೇ ಬಹುಪಾಲು ಕಾಯಿಲೆಗಳ ಬೇರು ಎಂದು ಸಾರಿ ಶಾಲೆ ತೆರೆದ. ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ 1906ರಲ್ಲಿ ಜೈಲನ್ನೂ ಕಂಡ.

ವೈದ್ಯರು ಇದನ್ನು ಮರೆಯಲಿಲ್ಲ. 1963ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ನಕಲಿ ವೈದ್ಯದ ವಿರುದ್ಧ ಸಮಿತಿಯೊಂದನ್ನು ಮಾಡಿ ಕೈರೋಪ್ರಾಕ್ಟರುಗಳ ಬೆನ್ನುಹತ್ತಿತು. ಡಾಕ್ಟರುಗಳು ಇವರ ಜೊತೆ ಸೇರಿ ಕೆಲಸ ಮಾಡುವುದೇ ವೃತ್ತಿನೀತಿಗೆ ಹೊರತು ಎಂದಾಯಿತು. ಊರೊಳಗೆ ಬೆಂಕಿ ನೀರು ಕೊಡಬಾರದು ಎನ್ನುತ್ತಿದ್ದರಲ್ಲ, ಹಾಗೆ. ಚೆಸ್ಟರ್ ವಿಲ್ಕ್ ಎಂಬ ಕೈರೋಪ್ರಾಕ್ಟರ್ ಮತ್ತು ಸಂಗಡಿಗರು 1976ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದರು, 1987ರಲ್ಲಿ ಗೆದ್ದರು. ಆದರೆ ಕೋರ್ಟು ಹೇಳಿದ್ದು ಬಹಿಷ್ಕಾರ ಕಾನೂನುಬಾಹಿರ ಎಂದಷ್ಟೇ. ಚಿಕಿತ್ಸೆಗೆ ಅದು ಮುದ್ರೆ ಒತ್ತಲಿಲ್ಲ. ನಿಮ್ಮ ಮಗಳು ಈ ಕೇಸಿನ ಮಾತೆತ್ತಿದರೆ ಇದನ್ನೂ ಹೇಳಿ.

ಈಗ ಅಲ್ಲಿ ಐವತ್ತೂ ರಾಜ್ಯಗಳಲ್ಲಿ ಇವರಿಗೆ ಪರವಾನಗಿ ಉಂಟು. ಓದು ಸಾಮಾನ್ಯವಾಗಿ ನಾಲ್ಕು ವರ್ಷದ್ದು. ಔಷಧಿ ಬರೆಯುವುದು, ಆಪರೇಷನ್ ಮಾಡುವುದು ಸಾಮಾನ್ಯವಾಗಿ ಇವರ ಕೆಲಸವಲ್ಲ. ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳಲ್ಲಿ ಬೆನ್ನೆಲುಬನ್ನು ಕೈಯಿಂದ ಸರಿಪಡಿಸುವುದೂ ಒಂದು ಎಂದು ಅಮೆರಿಕದ ವೈದ್ಯರ ಸಂಘವೇ, ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, 2017ರಲ್ಲಿ ಬರೆದಿದೆ. ಗುಣ ಸಾಧಾರಣದ್ದು, ಪವಾಡದ್ದಲ್ಲ. ‘ಲಟಕ್’ ಎನ್ನುವ ಸದ್ದು ಬರುವುದು ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಏಳುವುದರಿಂದ, ನಾವು ಬೆರಳಿನ ಲಟಿಕೆ ತೆಗೆಯುವಾಗ ಆಗುವಂತೆ. ಮೂಳೆ ಜಾಗಕ್ಕೆ ಬಂದು ಕೂತ ಸದ್ದು ಅದಲ್ಲ.

ಕತ್ತಿನ ವಿಷಯದಲ್ಲಿ ಮಾತ್ರ ನಿಮ್ಮ ತಮ್ಮನ ಮಾತನ್ನು ತಳ್ಳಿಹಾಕಬೇಡಿ. ಕತ್ತನ್ನು ಜೋರಾಗಿ ತಿರುಗಿಸಿದ ಮೇಲೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಬಡಿದ ಉದಾಹರಣೆಗಳಿವೆ. ತೀರಾ ಅಪರೂಪ, ನಿಜ. ಮೊದಲೇ ನಾಳ ಸೀಳಿ ಕತ್ತುನೋವೆಂದು ಬಂದವರೂ ಆ ಲೆಕ್ಕದಲ್ಲಿ ಇದ್ದಿರಬಹುದು ಎಂಬ ವಾದವೂ ಇದೆ.

ಆದರೂ ಒಂದು ಕೇಳಲೇ? ನಮ್ಮೂರುಗಳಲ್ಲಿ ಕ್ಷೌರದಂಗಡಿಯವನು ತಲೆ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿದರೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಬರುತ್ತೇವೆ. ಮೂಳೆ ಮುರಿದರೆ ಪುತ್ತೂರು ಕಟ್ಟು. ನನ್ನ ತಂದೆಗೆ ಸೊಂಟ ಹಿಡಿದುಕೊಂಡಾಗ ಕಾಲು ಮುಂದಾಗಿ ಹುಟ್ಟಿದ ಪಕ್ಕದ ಮನೆ ಹುಡುಗನನ್ನು ಕರೆಸಿ ಒದೆಸಿದ್ದರು. ಹುಡುಗ ನಾಚಿಕೊಂಡೇ ಒದ್ದ. ಇವರಲ್ಲಿ ಯಾರ ಡಿಗ್ರಿಯನ್ನು ನಾವು ಕೇಳಿದೆವು? ಅಳಿಯನಾಗಿ ಬರುವಾಗ ಮಾತ್ರ ಎಲ್ಲರಿಗೂ ಸ್ಟೆತಸ್ಕೋಪು ಬೇಕು.

ಹುಡುಗನ ಪರವಾನಗಿ ಟೆಕ್ಸಸ್ ಸರ್ಕಾರದ ಮಂಡಳಿಯ ಪಟ್ಟಿಯಲ್ಲಿ ಇದೆಯೇ ಎಂದು ಮಗಳೇ ನೋಡಬಹುದು. ಆಮೇಲೆ ನಿಮ್ಮ ತಮ್ಮನನ್ನೇ ಅವನ ಜೊತೆ ಫೋನಿನಲ್ಲಿ ಮಾತಾಡಿಸಿ. ಜಾಣ ಮಾವ ಡಿಗ್ರಿಯನ್ನು ಕೆದಕುವುದಿಲ್ಲ. ‘ಯಾವ ರೋಗಿಯನ್ನು ಮುಟ್ಟದೆ ಡಾಕ್ಟರ ಹತ್ತಿರ ಕಳಿಸ್ತೀಯಪ್ಪ?’ ಎಂದು ಕೇಳುತ್ತಾರೆ. ಕಾಲು ಸೋತವರು, ಮೂತ್ರ ಕಟ್ಟಿದವರು, ಜ್ವರದ ಜೊತೆ ಬೆನ್ನುನೋವು ಬಂದವರು ಎಂದು ತಡವರಿಸದೆ ಹೇಳಿದರೆ ಅವನು ಕೆಲಸ ಬಲ್ಲವನು. ಕೂಸಿನ ಉಬ್ಬಸ, ಕಿವಿಸೋರಿಕೆಗೂ ಬೆನ್ನು ಒತ್ತುತ್ತೇನೆ, ನಲವತ್ತು ಸಲದ ದುಡ್ಡು ಮುಂಗಡ ಕಟ್ಟಿಸಿಕೊಳ್ಳುತ್ತೇನೆ ಎಂದರೆ ನನಗೆ ಇನ್ನೊಂದು ಕಾಗದ ಬರೆಯಿರಿ. ಬ್ರಿಟನ್ನಿನಲ್ಲಿ ಮಕ್ಕಳ ಕಾಯಿಲೆ ಕುರಿತ ಇಂಥ ಹೇಳಿಕೆಗಳನ್ನು 2008ರಲ್ಲಿ ಸೈಮನ್ ಸಿಂಗ್ ಎಂಬ ಲೇಖಕ ಟೀಕಿಸಿದರೆಂದು ಅಲ್ಲಿನ ಕೈರೋಪ್ರಾಕ್ಟರುಗಳ ಸಂಘ ಮಾನನಷ್ಟದ ಕೇಸು ಹಾಕಿ, 2010ರಲ್ಲಿ ತಾನೇ ಹಿಂದೆಗೆದುಕೊಂಡಿತು.

ಮಗಳಿಗೂ ಒಂದು ಮಾತು ಹೇಳಿ. ಹೊಟ್ಟೆಕಿಚ್ಚು ಎಂಬ ಪದ ಬೇಡ. ಧಾರೆಯ ದಿನ ಅವಳನ್ನು ಮಂಟಪಕ್ಕೆ ಕರೆತರಬೇಕಾದವರು ಅದೇ ಸೋದರಮಾವ.

ನೆಂಟರಿಗೆ ಇದ್ದದ್ದನ್ನೇ ಹೇಳಿ: ‘ಎಂ.ಬಿ.ಬಿ.ಎಸ್. ಅಲ್ಲ, ಬೆನ್ನುನೋವು ಕತ್ತುನೋವಿಗೆ ಕೈಚಿಕಿತ್ಸೆ ಮಾಡ್ತಾನೆ.’ ‘ಕೈರೋ’ ಬಂದಿರುವ ಗ್ರೀಕ್ ಪದದ ಅರ್ಥವೂ ಕೈಯೇ. ಒಂದು ವಾರ ಆಡಿಕೊಳ್ಳುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಸೊಂಟ ಹಿಡಿದುಕೊಂಡು ಫೋನ್ ನಂಬರ್ ಕೇಳುತ್ತಾರೆ.

ಇನ್ನು ಪತ್ರಿಕೆ. ನಮ್ಮ ಕಡೆ ‘ಡಾ.’ ಎಂದರೆ ಜನ ಸೂಜಿ ಚುಚ್ಚುವ ಡಾಕ್ಟರೆಂದೇ ತಿಳಿಯುವುದರಿಂದ ಹುಡುಗನ ಹೆಸರಷ್ಟೇ ಸಾಕು. ಬೀಗರು ಪದವಿ ಹಾಕಿಸಲೇಬೇಕೆಂದು ಹಠ ಹಿಡಿದರೆ ಮಾತ್ರ ಎಚ್ಚರ. ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್ ಎಂಬುದನ್ನು ಅಲ್ಲಿ ಚಿಕ್ಕದಾಗಿ ಡಿ.ಸಿ. ಎಂದು ಬರೆಯುತ್ತಾರೆ. ಹಾಸನದಲ್ಲಿ ಅದನ್ನು ಅಚ್ಚುಹಾಕಿಸಿದಿರೋ, ಆರತಕ್ಷತೆಯ ಸಾಲಿನಲ್ಲಿ ಅರ್ಧ ಜನ ಪೋಡಿ ಅರ್ಜಿ ಹಿಡಿದುಕೊಂಡು ನಿಂತಿರುತ್ತಾರೆ.