ಬಿಟ್ಟಿ ಹುಲ್ಲಿನ ಬೆಲೆ: ಅಮೆರಿಕದ ಪಶ್ಚಿಮ ಬಯಲಿನಲ್ಲಿ ಪಶುಪಾಲನೆಯ ಏಳುಬೀಳು

ಪಶುಪಾಲನೆಯಲ್ಲಿ ಲಾಭ ನಷ್ಟಗಳನ್ನು ನಿರ್ಧರಿಸುವ ಮೊದಲ ಅಂಶ ಮೇವು. ತಳಿ ಎಷ್ಟೇ ಉತ್ತಮವಾಗಿರಲಿ, ಪೇಟೆಯ ಧಾರಣೆ ಎಷ್ಟೇ ಏರಿರಲಿ, ವರ್ಷದ ಹನ್ನೆರಡು ತಿಂಗಳೂ ಮೇವು ದೊರೆಯದಿದ್ದರೆ ದನ ಉಳಿಯದು. ಇದು ಎಲ್ಲ ರೈತರಿಗೂ ತಿಳಿದ ಮಾತೇ. ಆದರೂ ಈ ಸರಳ ಮಾತನ್ನು ಮರೆತು ಒಂದು ದೇಶದ ದನಗಾರರು, ಬಂಡವಾಳಗಾರರು ಮತ್ತು ದೊಡ್ಡ ದೊಡ್ಡ ಕಂಪನಿಗಳು ಒಂದೇ ಚಳಿಗಾಲದಲ್ಲಿ ನೆಲಕಚ್ಚಿದ ಉದಾಹರಣೆ ಚರಿತ್ರೆಯಲ್ಲಿದೆ. ಅಮೆರಿಕದ ಪಶ್ಚಿಮ ಬಯಲಿನಲ್ಲಿ 1866ರಿಂದ 1887ರವರೆಗೆ ನಡೆದ ಬಯಲು ಪಶುಪಾಲನೆಯ ಕಥೆಯೇ ಅದು.

ಟೆಕ್ಸಾಸಿನ ದನಗಳು

ಅಮೆರಿಕ ಖಂಡಕ್ಕೆ ದನಗಳನ್ನು ಮೊದಲು ತಂದವರು ಸ್ಪೇನ್ ದೇಶದವರು. ಅವರು ತಂದ ದನಗಳ ಸಂತತಿ ಟೆಕ್ಸಾಸಿನ ಕುರುಚಲು ಕಾಡುಗಳಲ್ಲಿ ಅರೆಕಾಡು ದನಗಳಾಗಿ ಬೆಳೆಯಿತು. ಉದ್ದನೆಯ ಕೊಂಬು, ಗಟ್ಟಿ ಗೊರಸು, ಎಲುಬು ಕಾಣುವ ಮೈ ಇದ್ದ ಈ ದನಗಳಿಗೆ 'ಲಾಂಗ್‌ಹಾರ್ನ್' ಎಂದು ಹೆಸರಾಯಿತು. ಮಾಂಸ ಕಡಿಮೆ, ಆದರೆ ದೂರ ನಡೆಯುವ ಶಕ್ತಿ ಅಪಾರ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಆ ಅವಧಿಯಲ್ಲಿ ಟೆಕ್ಸಾಸಿನ ದನಗಳಿಗೆ ಹೊರಗಿನ ಪೇಟೆ ತಪ್ಪಿಹೋಯಿತು. ಯುದ್ಧ ಮುಗಿದಾಗ ಅಲ್ಲಿ ಸುಮಾರು 50 ಲಕ್ಷ ದನಗಳಿದ್ದವೆಂದು ಅಂದಾಜು. ಟೆಕ್ಸಾಸಿನಲ್ಲಿ 4 ಡಾಲರಿಗೂ ಕೇಳುವವರಿಲ್ಲದ ದನ ಉತ್ತರದ ಪಟ್ಟಣಗಳಲ್ಲಿ 40 ಡಾಲರಿನವರೆಗೆ ಮಾರಾಟವಾಗುತ್ತಿತ್ತು. ಷಿಕಾಗೋ ನಗರದಲ್ಲಿ 1865ರಲ್ಲಿ ಬೃಹತ್ ದನದ ಸಂತೆ ಹಾಗೂ ಮಾಂಸೋದ್ಯಮದ ಕೇಂದ್ರ ತೆರೆಯಿತು. ದನಗಳನ್ನು ರೈಲು ನಿಲ್ದಾಣ ಮುಟ್ಟಿಸುವುದೊಂದೇ ಉಳಿದ ಕೆಲಸವಾಗಿತ್ತು.

ರೈಲು ನಿಲ್ದಾಣದವರೆಗೆ

ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ 1867ರಲ್ಲಿ ಕಾನ್ಸಾಸ್ ಪ್ರಾಂತದ ಆಬಿಲೀನ್ ಎಂಬ ಸಣ್ಣ ಊರಿನಲ್ಲಿ, ರೈಲು ಹಳಿಯ ಬದಿಗೆ ದನದ ದೊಡ್ಡಿಗಳನ್ನು ಕಟ್ಟಿಸಿದನು. ಆ ವರ್ಷವೇ ಸುಮಾರು 35,000 ದನಗಳು ಅಲ್ಲಿಗೆ ಬಂದವು. 1871ರಲ್ಲಿ ಕಾನ್ಸಾಸಿನ ರೈಲು ನಿಲ್ದಾಣಗಳಿಗೆ ಬಂದ ದನಗಳ ಸಂಖ್ಯೆ 6 ಲಕ್ಷದಷ್ಟಾಯಿತು. ಟೆಕ್ಸಾಸಿನಿಂದ ಉತ್ತರಕ್ಕೆ ಸಾಗುವ ಈ ದಾರಿಗೆ 'ಚಿಜಮ್ ದಾರಿ' ಎಂಬ ಹೆಸರು ಬಂತು.

ಎರಡು ಮೂರು ಸಾವಿರ ದನಗಳ ಹಿಂಡಿಗೆ ಹತ್ತು ಹನ್ನೆರಡು ಮಂದಿ ಕುದುರೆ ಸವಾರ ದನಗಾಹಿಗಳು, ಒಬ್ಬ ಅಡುಗೆಯವನು, ಒಂದು ಬಂಡಿ. ದಿನಕ್ಕೆ 16ರಿಂದ 24 ಕಿಲೋಮೀಟರ್ ಪಯಣ. ಹಾದಿಯುದ್ದಕ್ಕೂ ದನಗಳನ್ನು ಮೇಯಿಸುತ್ತ ಹೊಡೆದುಕೊಂಡು ಹೋಗಲು ಎರಡು ಮೂರು ತಿಂಗಳು ಹಿಡಿಯುತ್ತಿತ್ತು. ಈ ದನಗಾಹಿಗಳೇ 'ಕೌಬಾಯ್'ಗಳು. ಚಲನಚಿತ್ರಗಳು ತೋರಿಸುವಂತೆ ಇವರೆಲ್ಲ ಬಿಳಿಯರಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರೂ ಮೆಕ್ಸಿಕೋ ದೇಶದವರೂ ಅವರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದರು. ಹಗ್ಗ ಬೀಸಿ ದನ ಹಿಡಿಯುವ, ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿ ಗುರುತು ಮಾಡುವ ವಿದ್ಯೆಯೂ ಮೆಕ್ಸಿಕೋದ ದನಗಾಹಿಗಳಿಂದಲೇ ಬಂದುದು.

ಬಯಲು ತೆರವಾದ ಬಗೆ

ಉತ್ತರದ ಬಯಲು ಮೊದಲು ಬರಿದಾಗಿರಲಿಲ್ಲ. ಅಲ್ಲಿ ಕೋಟಿಗಟ್ಟಲೆ ಬೈಸನ್ ಎಂಬ ಕಾಡುಕೋಣಗಳು ಮೇಯುತ್ತಿದ್ದವು. ಲಕೋಟಾ, ಷಯೆನ್, ಕೊಮಾಂಚೆ ಮುಂತಾದ ಮೂಲನಿವಾಸಿ ಜನಾಂಗಗಳು ಅವುಗಳನ್ನೇ ನಂಬಿ ಬಾಳುತ್ತಿದ್ದವು. 1870ರ ನಂತರ ಚರ್ಮದ ವ್ಯಾಪಾರಕ್ಕಾಗಿ ಬೇಟೆಗಾರರು ಕಾಡುಕೋಣಗಳನ್ನು ಹಿಂಡುಹಿಂಡಾಗಿ ಕೊಂದರು. 1880ರ ದಶಕ ಮುಗಿಯುವ ವೇಳೆಗೆ ಬಯಲಿನಲ್ಲಿ ಸ್ವತಂತ್ರವಾಗಿ ತಿರುಗುತ್ತಿದ್ದ ಕಾಡುಕೋಣಗಳು ಕೆಲವು ನೂರು ಮಾತ್ರ. ಅನ್ನದ ಮೂಲವನ್ನು ಕಳೆದುಕೊಂಡ ಮೂಲನಿವಾಸಿಗಳನ್ನು ಸೈನ್ಯವು ಮೀಸಲು ಪ್ರದೇಶಗಳಿಗೆ ಅಟ್ಟಿತು. ದನಗಾರರು 'ಬಿಟ್ಟಿ' ಎಂದು ಕರೆದ ಹುಲ್ಲಿಗೆ ಮೊದಲ ಬೆಲೆ ತೆತ್ತವರು ಇವರೇ.

ಯಾರದೂ ಅಲ್ಲದ ಹುಲ್ಲು

ಈ ಬಯಲಿನ ಗಿಡ್ಡ ಜಾತಿಯ ಹುಲ್ಲುಗಳಿಗೆ ಒಂದು ವಿಶೇಷ ಗುಣವಿದೆ. ಬೇಸಿಗೆಯ ಕೊನೆಯಲ್ಲಿ ಅವು ನಿಂತಲ್ಲಿಯೇ ಒಣಗುತ್ತವೆ. ಒಣಗಿದರೂ ಸತ್ವವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತವೆ. ಆದ್ದರಿಂದ ಹಿಮ ಹೆಚ್ಚು ಬೀಳದ ವರ್ಷಗಳಲ್ಲಿ ದನಗಳು ಚಳಿಗಾಲವಿಡೀ ಹೊರಗೇ ಮೇದು ಬದುಕುತ್ತಿದ್ದವು. ಇದನ್ನು ಕಂಡ ದನಗಾರರು ಕೊಟ್ಟಿಗೆಯೂ ಬೇಡ, ಬಣವೆಯೂ ಬೇಡ ಎಂದು ತೀರ್ಮಾನಿಸಿದರು.

ಭೂಮಿ ಸರ್ಕಾರದ್ದು. 1862ರ ಕಾಯಿದೆಯ ಪ್ರಕಾರ ಒಂದು ಕುಟುಂಬಕ್ಕೆ 160 ಎಕರೆ ದೊರೆಯುತ್ತಿತ್ತು. ಆದರೆ ಈ ಒಣ ಬಯಲಿನಲ್ಲಿ ಒಂದು ದನಕ್ಕೇ ಹತ್ತಾರು ಎಕರೆ ಹುಲ್ಲು ಬೇಕು. ಆದ್ದರಿಂದ ದನಗಾರರು ಹಳ್ಳ ಹೊಳೆಗಳ ದಂಡೆಯ ಜಮೀನನ್ನು ಮಾತ್ರ ತಮ್ಮದಾಗಿಸಿಕೊಂಡರು. ನೀರು ಯಾರ ಕೈಯಲ್ಲಿತ್ತೋ ಅದರ ಸುತ್ತಲಿನ ಬಯಲೂ ಅವರ ಕೈಯಲ್ಲೇ ಉಳಿಯಿತು. ಎಲ್ಲರ ದನಗಳೂ ಒಟ್ಟಿಗೆ ಮೇಯುತ್ತಿದ್ದವು. ವಸಂತದಲ್ಲಿ ಒಟ್ಟುಗೂಡಿಸಿ ಕರುಗಳಿಗೆ ಗುರುತು ಹಾಕುತ್ತಿದ್ದರು.

ಈ ಉದ್ಯಮದ ಸುದ್ದಿ ಇಂಗ್ಲೆಂಡ್, ಸ್ಕಾಟ್ಲೆಂಡುಗಳನ್ನು ಮುಟ್ಟಿತು. 5 ಡಾಲರಿನ ಕರು ಬಿಟ್ಟಿ ಹುಲ್ಲು ಮೇದು ನಾಲ್ಕು ವರ್ಷಗಳಲ್ಲಿ 45ರಿಂದ 60 ಡಾಲರಿನ ದನವಾಗುತ್ತದೆ ಎಂಬುದು ಅಂದಿನ ಪ್ರಚಾರದ ಲೆಕ್ಕ. ಸ್ಕಾಟ್ಲೆಂಡಿನ ಬಂಡವಾಳದಿಂದ 1883ರಲ್ಲಿ ವಯೋಮಿಂಗ್ ಪ್ರಾಂತದಲ್ಲಿ ಸ್ವಾನ್ ಕಂಪನಿ ಸ್ಥಾಪನೆಯಾಯಿತು. ದನಗಳನ್ನು ಎಣಿಸಿ ಕೊಳ್ಳುವ ಪದ್ಧತಿಯೂ ತಪ್ಪಿಹೋಗಿ, ಎಷ್ಟೋ ಹಿಂಡುಗಳು ಪುಸ್ತಕದಲ್ಲಿ ಬರೆದ ಲೆಕ್ಕದ ಮೇಲೆಯೇ ಕೈ ಬದಲಾಯಿಸಿದವು. ಪ್ರತಿ ವರ್ಷ ಹುಟ್ಟಬೇಕಾದ ಕರುಗಳನ್ನು ಪುಸ್ತಕದಲ್ಲಿ ಕೂಡಿಸುತ್ತ ಹೋದರು. ಸತ್ತ ದನಗಳನ್ನು ಸರಿಯಾಗಿ ಕಳೆಯಲಿಲ್ಲ.

ಹಿಂಡು ಹೆಚ್ಚಿತು, ಹುಲ್ಲು ತಗ್ಗಿತು

ಬಯಲು ಎಲ್ಲರಿಗೂ ತೆರೆದಿದ್ದುದರಿಂದ ಹಿಂಡನ್ನು ಕಡಿಮೆ ಮಾಡಿದವನಿಗೆ ಲಾಭವಿರಲಿಲ್ಲ. ಅವನು ಉಳಿಸಿದ ಹುಲ್ಲನ್ನು ಪಕ್ಕದವನ ದನ ಮೇಯುತ್ತಿತ್ತು. ಹೀಗಾಗಿ ತಿಳಿದವರೂ ದನಗಳನ್ನು ಹೆಚ್ಚಿಸುತ್ತಲೇ ಹೋದರು. ಕುರಿಗಾರರೂ ಬಂದರು. 1874ರಲ್ಲಿ ಜೋಸೆಫ್ ಗ್ಲಿಡನ್ ಪೇಟೆಂಟ್ ಪಡೆದ ಮುಳ್ಳುತಂತಿ ಬಯಲಿಗೆ ಕಾಲಿಟ್ಟಿತು. ಮರವಿಲ್ಲದ ನಾಡಿನಲ್ಲಿ ಬೇಸಾಯಗಾರರಿಗೆ ಬೆಳೆ ಕಾಯಲು ಅದು ವರವಾಯಿತು. ದನಗಾರರೂ ಸರ್ಕಾರಿ ಬಯಲಿಗೆ ಬೇಲಿ ಹಾಕತೊಡಗಿದರು. 1885ರಲ್ಲಿ ಸರ್ಕಾರ ಇಂಥ ಅಕ್ರಮ ಬೇಲಿಗಳನ್ನು ನಿಷೇಧಿಸಿತು. ಅದೇ ವರ್ಷ ಷಯೆನ್ ಮತ್ತು ಅರಪಾಹೋ ಜನರ ಮೀಸಲು ಭೂಮಿಯಿಂದ ಸುಮಾರು 2 ಲಕ್ಷ ದನಗಳನ್ನು 40 ದಿನಗಳೊಳಗೆ ಹೊರಡಿಸಬೇಕೆಂದು ಆಜ್ಞೆಯಾಯಿತು. ಮೊದಲೇ ಮೇದು ಸವೆದ ಬಯಲುಗಳ ಮೇಲೆ ಈ ಹೊರೆಯೂ ಬಿತ್ತು. ಆ ಹೊತ್ತಿಗೆ ಪೇಟೆಯ ಧಾರಣೆಯೂ ಇಳಿಮುಖವಾಗಿತ್ತು. ಬೆಲೆ ಏರಲೆಂದು ಅನೇಕರು ಮಾರದೆ ಕಾದರು.

1886-87ರ ಚಳಿಗಾಲ

1886ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು. ಹುಲ್ಲು ಬೆಳೆಯಲಿಲ್ಲ, ದನಗಳು ಬಡಕಲಾಗಿಯೇ ಚಳಿಗಾಲಕ್ಕೆ ಕಾಲಿಟ್ಟವು. ನವೆಂಬರಿನಲ್ಲೇ ಹಿಮ ಸುರಿಯಿತು. ನಡುವೆ ಕೊಂಚ ಕರಗಿ ಮತ್ತೆ ಹೆಪ್ಪುಗಟ್ಟಿದುದರಿಂದ ನೆಲದ ಮೇಲೆ ಗಟ್ಟಿ ಪದರವಾಯಿತು. 1887ರ ಜನವರಿಯಲ್ಲಿ ಭೀಕರ ಹಿಮಗಾಳಿ ಬೀಸಿತು.

ಕುದುರೆ ಗೊರಸಿನಿಂದ ಹಿಮ ಕೆದರಿ ಹುಲ್ಲು ತಿನ್ನುತ್ತದೆ. ಕಾಡುಕೋಣ ತಲೆಯಾಡಿಸಿ ಹಿಮ ಸರಿಸುತ್ತದೆ. ದನಕ್ಕೆ ಈ ಅಭ್ಯಾಸವಿಲ್ಲ. ಅದು ಮೂತಿಯಿಂದ ತಳ್ಳುತ್ತದೆ. ಮಂಜಿನ ಪದರ ತಗುಲಿ ಮೂತಿ, ಕಾಲು ಗಾಯವಾದವು. ಗಾಳಿಗೆ ಬೆನ್ನು ಮಾಡಿ ನಡೆದ ಹಿಂಡುಗಳು ಬೇಲಿಗೆ ಅಡ್ಡಸಿಕ್ಕಿ, ಕೊರಕಲುಗಳಲ್ಲಿ ಸಿಲುಕಿ ಅಲ್ಲಲ್ಲೇ ಸತ್ತವು. ದಕ್ಷಿಣದಿಂದ ಹೊಸದಾಗಿ ಬಂದ ದನಗಳು ಎಲ್ಲಕ್ಕಿಂತ ಹೆಚ್ಚಾಗಿ ಬಲಿಯಾದವು.

ಮೊಂಟಾನಾದಲ್ಲಿ 5,000 ದನಗಳ ಹಿಂಡನ್ನು ಕಾಯುತ್ತಿದ್ದ ತಂಡದಲ್ಲಿ ಚಾರ್ಲ್ಸ್ ರಸೆಲ್ ಎಂಬ ತರುಣನಿದ್ದನು. ದನಗಳ ಸ್ಥಿತಿ ಹೇಗಿದೆ ಎಂದು ಯಜಮಾನರು ಪತ್ರ ಬರೆದು ಕೇಳಿದರು. ಉತ್ತರವಾಗಿ ಅವನು ಸಣ್ಣ ಚಿತ್ರವೊಂದನ್ನು ಬರೆದನು: ಹಿಮದಲ್ಲಿ ನಿಂತ ಎಲುಬಿನ ಹಂದರದಂತಹ ಒಂದು ದನ, ಅದು ಬೀಳುವುದನ್ನೇ ಕಾದಿರುವ ತೋಳಗಳು. ವಿವರಣೆ ಬೇಕಾಗಲಿಲ್ಲ. ಮುಂದೆ ಅವನು ಹೆಸರಾಂತ ಚಿತ್ರಕಾರನಾದನು.

ಮೊಂಟಾನಾ, ಡಕೋಟಾಗಳ ಹಲವು ಹಿಂಡುಗಳಲ್ಲಿ ಅರ್ಧಕ್ಕೂ ಹೆಚ್ಚು ದನಗಳು ಸತ್ತವು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ ಅವರೂ ಡಕೋಟಾದಲ್ಲಿದ್ದ ತಮ್ಮ ಹಿಂಡಿನ ಬಹುಭಾಗವನ್ನು ಕಳೆದುಕೊಂಡರು. ಸ್ವಾನ್ ಕಂಪನಿ 1887ರಲ್ಲಿ ದಿವಾಳಿಯಾಯಿತು. ಮೊಂಟಾನಾದ ಹಿರಿಯ ದನಗಾರ ಗ್ರ್ಯಾನ್‌ವಿಲ್ ಸ್ಟೂವರ್ಟ್, ಮೇವು ಆಸರೆ ಕೊಡಲಾಗದ ಒಂದು ಪ್ರಾಣಿಯನ್ನೂ ಇನ್ನು ಇಟ್ಟುಕೊಳ್ಳುವುದಿಲ್ಲವೆಂದು ನಿಶ್ಚಯಿಸಿ ಆ ಕಸಬನ್ನೇ ಬಿಟ್ಟನು.

ಉಳಿದವರು ಮಾಡಿದ್ದೇನು

ಪಶುಪಾಲನೆ ಅಲ್ಲಿಗೆ ನಿಲ್ಲಲಿಲ್ಲ; ಅದರ ಕ್ರಮ ಬದಲಾಯಿತು. ಹಿಂಡುಗಳು ಚಿಕ್ಕವಾದವು. ಸ್ವಂತ ಜಮೀನಿಗೆ ಬೇಲಿ ಬಂತು. ಹೊಳೆಯಂಚಿನ ತಗ್ಗು ನೆಲದಲ್ಲಿ ಹುಲ್ಲು ಬೆಳೆದು, ಕೊಯ್ದು, ಒಣಗಿಸಿ ಬಣವೆ ಒಟ್ಟಿದರು. ಗಾಳಿಯಂತ್ರದಿಂದ ನೀರೆತ್ತಿದರು. ಲಾಂಗ್‌ಹಾರ್ನ್ ಬದಲು ಬೇಗ ಮೈತುಂಬುವ ಹೆರೆಫೋರ್ಡ್ ತಳಿಗೆ ಪ್ರಾಶಸ್ತ್ಯ ದೊರೆಯಿತು. ಉಳಿದ ಸರ್ಕಾರಿ ಬಯಲಿನಲ್ಲಿ ಮಾತ್ರ ಅತಿಯಾಗಿ ಮೇಯಿಸುವುದು ಮುಂದುವರಿಯಿತು. ಕೊನೆಗೆ 1934ರಲ್ಲಿ ಟೇಲರ್ ಕಾಯಿದೆಯ ಮೂಲಕ ಪರವಾನಗಿ ಮತ್ತು ಶುಲ್ಕದ ಪದ್ಧತಿ ಜಾರಿಗೆ ಬಂತು.

ಉಣ್ಣೆ ಹುಳು ಮತ್ತು ಕೃಷ್ಣಾ ಕಣಿವೆಯ ತಳಿ

ಟೆಕ್ಸಾಸಿನ ದನಗಳ ಉತ್ತರದ ಪಯಣವನ್ನು ನಿಲ್ಲಿಸಿದ್ದು ಬೇಲಿಯೊಂದೇ ಅಲ್ಲ. ಆ ದನಗಳು ಹಾದುಹೋದ ದಾರಿಯಲ್ಲಿ ಮೇದ ಊರ ದನಗಳು ಜ್ವರ ಬಂದು, ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ಟೆಕ್ಸಾಸಿನ ದನಗಳಾದರೋ ಆರೋಗ್ಯವಾಗಿಯೇ ಕಾಣುತ್ತಿದ್ದವು. 1885ರಲ್ಲಿ ಕಾನ್ಸಾಸ್ ಅವುಗಳ ಪ್ರವೇಶವನ್ನೇ ನಿರ್ಬಂಧಿಸಿತು. ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು 1893ರಲ್ಲಿ ಕಾರಣವನ್ನು ಪ್ರಕಟಿಸಿದರು: ರಕ್ತದ ಕೆಂಪು ಕಣಗಳನ್ನು ನಾಶಮಾಡುವ ಸೂಕ್ಷ್ಮಜೀವಿ ಉಣ್ಣೆ ಹುಳುವಿನ ಮೂಲಕ ಹರಡುತ್ತಿತ್ತು. ಬಬೇಸಿಯೋಸಿಸ್ ಎಂಬ ಈ ರೋಗ ಭಾರತದ ಮಿಶ್ರತಳಿ ಹಸುಗಳನ್ನೂ ಕಾಡುತ್ತದೆ.

ಉಣ್ಣೆ ಮತ್ತು ಬಿಸಿಲು ಎರಡನ್ನೂ ತಾಳಬಲ್ಲ ದನಗಳಿಗಾಗಿ ದಕ್ಷಿಣ ಅಮೆರಿಕ ರಾಜ್ಯಗಳ ದನಗಾರರು ಭಾರತದ ಡುಬ್ಬದ ತಳಿಗಳತ್ತ ನೋಡಿದರು. ಟೆಕ್ಸಾಸಿನ ಪಿಯರ್ಸ್ ಹಿಂಡಿಗಾಗಿ 1906ರಲ್ಲಿ ಭಾರತದಿಂದ ದನಗಳನ್ನು ಹಡಗಿನಲ್ಲಿ ತರಿಸಲಾಯಿತು. ಓಂಗೋಲ್, ಗೀರ್, ಕಾಂಕ್ರೇಜ್ ತಳಿಗಳೊಡನೆ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯ ರಕ್ತವೂ ಸೇರಿ 'ಅಮೆರಿಕನ್ ಬ್ರಾಹ್ಮನ್' ಎಂಬ ತಳಿ ರೂಪುಗೊಂಡಿತು.

ನೆನಪಿಡಬೇಕಾದ ಅಂಶಗಳು

1. ದನಗಳ ಸಂಖ್ಯೆಯನ್ನು ಒಳ್ಳೆಯ ವರ್ಷದ ಹುಲ್ಲನ್ನು ನೋಡಿ ಗೊತ್ತುಪಡಿಸಬಾರದು. ಕೆಟ್ಟ ವರ್ಷದ ಹುಲ್ಲನ್ನು ನೋಡಿ ಗೊತ್ತುಪಡಿಸಬೇಕು.

2. ಮೇವಿನ ಲೆಕ್ಕ ಮೊದಲು, ದನದ ಲೆಕ್ಕ ನಂತರ. 400 ಕಿಲೋ ತೂಕದ ದನಕ್ಕೆ ದಿನಕ್ಕೆ 8ರಿಂದ 10 ಕಿಲೋ ಒಣ ಪದಾರ್ಥ ಬೇಕು. ಮೇವಿಲ್ಲದ 120 ದಿನಗಳಿಗೆ ಇದು ಸುಮಾರು ಒಂದು ಟನ್. ಮೊಂಟಾನಾದ ಆ 5,000 ದನಗಳಿಗೆ 5,000 ಟನ್ನಿನಷ್ಟು ಸಂಗ್ರಹ ಬೇಕಿತ್ತು. ಇದ್ದುದು ಹಿಮದ ಕೆಳಗಿನ ಮೋಟು ಹುಲ್ಲು ಮಾತ್ರ.

3. ಎಲ್ಲರೂ ಮೇಯಿಸುವ ಹುಲ್ಲುಗಾವಲಿಗೆ ಎಲ್ಲರೂ ಒಪ್ಪಿದ ಮಿತಿ ಇರಬೇಕು. ಮಿತಿಯಿಲ್ಲದಲ್ಲಿ ಎಚ್ಚರಿಕೆಯುಳ್ಳವನೂ ಎಚ್ಚರ ತಪ್ಪಿದವನೊಂದಿಗೆ ಕೆಡುತ್ತಾನೆ.

4. ಆರೋಗ್ಯವಾಗಿ ಕಾಣುವ ದನವೂ ರೋಗ ತರಬಲ್ಲದು. ಹೊಸದಾಗಿ ಕೊಂಡು ತಂದ ದನವನ್ನು ಕೆಲವು ವಾರ ಪ್ರತ್ಯೇಕವಾಗಿ ಕಟ್ಟಿ, ಉಣ್ಣೆ ತೆಗೆಸಿ, ನಂತರವೇ ಹಿಂಡಿಗೆ ಸೇರಿಸುವುದು ಕ್ಷೇಮ.

ಹುಲ್ಲಿಗೆ ಹಣ ಕೊಡಬೇಕಾಗಿಲ್ಲ ಎಂದ ಮಾತ್ರಕ್ಕೆ ಅದಕ್ಕೆ ಬೆಲೆಯಿಲ್ಲವೆಂದು ಅರ್ಥವಲ್ಲ. ಇಪ್ಪತ್ತು ವರ್ಷ ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಆ ಬೆಲೆಯನ್ನು ಅಮೆರಿಕದ ದನಗಾರರು ಒಂದು ಚಳಿಗಾಲದಲ್ಲಿ ಒಟ್ಟಾಗಿ ತೆತ್ತರು.